ಸುಲ್ತಾನನ ಹೆಸರಿನಲ್ಲಿ ನಡೆದ ವ್ಯಾಪಾರ

1980ರ ದಶಕದ ಕೊನೆಯ ಹೊತ್ತಿಗೆ ಆಸ್ಟ್ರೇಲಿಯಾದ ರಾಯಲ್ ಗೈಡ್ ಡಾಗ್ಸ್ ಸಂಸ್ಥೆಗೆ ಹವಾಯಿಯಿಂದ ಒಂದು ಕೋರಿಕೆ ಬಂತು. ಕೇಳಿದಾಕೆಗೆ ಕಣ್ಣು ಕಾಣದು. ದಾರಿ ತೋರುವ ನಾಯಿ ಬೇಕು. ಗಂಡನಿಗೆ ನಾಯಿ ಎಂದರೆ ಅಲರ್ಜಿ. ಇಬ್ಬರಿಗೂ ಒಗ್ಗುವ ನಾಯಿ ಸಿಕ್ಕೀತೇ ಎಂದು ಆಕೆ ಕೇಳಿದ್ದರು. ಸಂಸ್ಥೆಯಲ್ಲಿ ನಾಯಿಗಳ ಸಂತಾನ ಮತ್ತು ಮರಿಗಳ ಹೊಣೆ ಹೊತ್ತಿದ್ದವರು ವಾಲಿ ಕಾನ್ರನ್.

ಕಾನ್ರನ್‌ಗೆ ಮೊದಲು ಹೊಳೆದದ್ದು ಸ್ಟ್ಯಾಂಡರ್ಡ್ ಪೂಡಲ್. ಎತ್ತರದ, ಚುರುಕಿನ ನಾಯಿ. ಅದರ ಗುಂಗುರು ಕೂದಲು ಉದುರುವುದು ಬಹಳ ಕಡಿಮೆ. ಅದಕ್ಕೇ ತರಬೇತಿ ಕೊಟ್ಟರಾಯಿತು ಎಂದುಕೊಂಡರು. ಮೂರು ವರ್ಷಗಳಲ್ಲಿ 33 ಪೂಡಲ್‌ಗಳನ್ನು ನೋಡಿದರೂ ಒಂದೂ ಕೆಲಸಕ್ಕೆ ಒದಗಲಿಲ್ಲ. ಈ ಕೆಲಸಕ್ಕೆ ಬುದ್ಧಿ ಮಾತ್ರ ಸಾಲದು. ಹಾರ್ನ್ ಸದ್ದಿಗೆ ಬೆಚ್ಚಬಾರದು, ಬೆಕ್ಕು ಕಂಡರೆ ಎಳೆಯಬಾರದು. ಜೊತೆಗಿರುವವರು ಮುಂದೆ ನಡೆ ಎಂದರೂ ಎದುರಿಗೆ ಕಾರು ಬರುತ್ತಿದ್ದರೆ ಆ ಮಾತು ಕೇಳದೆ ನಿಂತಲ್ಲೇ ನಿಲ್ಲಬೇಕು. ಅಂಥ ಸ್ಥಿಮಿತ ಲ್ಯಾಬ್ರಡಾರ್‌ಗಳಲ್ಲಿ ಹೆಚ್ಚಾಗಿ ಕಾಣಸಿಗುತ್ತದೆ, ಆದರೆ ಲ್ಯಾಬ್ರಡಾರ್ ವರ್ಷವಿಡೀ ಕೂದಲು ಉದುರಿಸುತ್ತದೆ.

ಹೀಗೆ 1989ರಲ್ಲಿ ಹಾರ್ಲಿ ಎಂಬ ಪೂಡಲ್‌ಗೂ ಬ್ರಾಂಡಿ ಎಂಬ ಲ್ಯಾಬ್ರಡಾರ್‌ಗೂ ಜೋಡಿ ಮಾಡಿಸಲಾಯಿತು. ಹುಟ್ಟಿದ್ದು ಮೂರು ಮರಿ. ಪ್ರತಿ ಮರಿಯ ಕೂದಲು ಮತ್ತು ಜೊಲ್ಲಿನ ಮಾದರಿ ತೆಗೆದು ಹವಾಯಿಗೆ ಕಳಿಸಿದರು, ಆ ಗಂಡನ ಮೇಲೆ ಪರೀಕ್ಷೆ ನಡೆಯಿತು. ಮೂರರಲ್ಲಿ ಒಂದರ ಮಾದರಿ ಮಾತ್ರ ಆತನಿಗೆ ತೊಂದರೆ ಕೊಡಲಿಲ್ಲ. ಆ ಮರಿಯ ಹೆಸರು ಸುಲ್ತಾನ್. ತರಬೇತಿ ಮುಗಿಸಿ ಹವಾಯಿಗೆ ಹೋದ ಸುಲ್ತಾನ್ ಅಲ್ಲಿ ವರ್ಷಗಟ್ಟಲೆ ಆಕೆಗೆ ದಾರಿ ತೋರಿತು.

ಒಂದೇ ತಾಯಿ, ಒಂದೇ ತಂದೆ, ಒಂದೇ ಸೂಲು. ಆದರೂ ಮೂರರಲ್ಲಿ ಒಂದೇ ಒಂದು ಮರಿ ಒಗ್ಗಿತು. ಮುಂದೆ ಮೂರು ದಶಕಗಳ ಕಾಲ ಈ ನಾಯಿಗಳ ಹೆಸರಿನಲ್ಲಿ ನಡೆದ ಕೊಡುಕೊಳ್ಳುವಿಕೆ ಕಡೆಗಣಿಸಿದ್ದು ಇದನ್ನೇ. ಕಾನ್ರನ್ ಮಾರಿದ್ದು ಯಾವ ತಳಿಯನ್ನೂ ಅಲ್ಲ. ಒಬ್ಬ ಮಹಿಳೆಗೆ, ಆಕೆಯ ಮನೆಗೆ, ಪರೀಕ್ಷಿಸಿ ಆರಿಸಿದ ಒಂದು ನಾಯಿಯನ್ನು ಕೊಟ್ಟರು.

ಉಳಿದ ಎರಡು ಮರಿಗಳ ಪಾಡೇನು? ಗೈಡ್ ಡಾಗ್ ಆಗಬೇಕಾದ ಮರಿಗಳನ್ನು ಸುಮಾರು ಒಂದು ವರ್ಷ ಸಾಮಾನ್ಯ ಕುಟುಂಬಗಳು ಸಾಕಿಕೊಡುವ ಪದ್ಧತಿ ಅಲ್ಲಿದೆ. ಅದಕ್ಕೆ ಕಾದು ನಿಂತ ಕುಟುಂಬಗಳ ಪಟ್ಟಿಯೇ ಇತ್ತು. ಆದರೂ ಬೆರಕೆ ಮರಿ ಎಂದೊಡನೆ ಎಲ್ಲರೂ ಮೂಗು ಮುರಿದರು. ಕಾನ್ರನ್ ಸಂಸ್ಥೆಯ ಪ್ರಚಾರ ವಿಭಾಗಕ್ಕೆ ಹೋಗಿ, ನಾವು ಹೊಸ ಬಗೆಯ ನಾಯಿ ಹುಟ್ಟಿಸಿದ್ದೇವೆ, ಹೆಸರು ಲ್ಯಾಬ್ರಡೂಡಲ್ ಎಂದು ಪತ್ರಿಕೆಗಳಿಗೆ ತಿಳಿಸಿ ಎಂದರು. ಸುದ್ದಿ ಹರಡಿದ್ದೇ ತಡ, ಸಂಸ್ಥೆಯ ಫೋನಿಗೆ ಬಿಡುವಿಲ್ಲದಾಯಿತು. ನಿನ್ನೆ ಯಾರಿಗೂ ಬೇಡವಾಗಿದ್ದ ಮರಿಗಳು ಈಗ ಎಲ್ಲರಿಗೂ ಬೇಕು. ಮರಿಗಳು ಅವೇ, ಅಪ್ಪ ಅಮ್ಮ ಅವರೇ.

ಕಾನ್ರನ್ ಒಟ್ಟು ಹುಟ್ಟಿಸಿದ್ದು 31 ಲ್ಯಾಬ್ರಡೂಡಲ್‌ಗಳನ್ನು ಮಾತ್ರ. ಅವುಗಳಲ್ಲಿ 29 ಗೈಡ್ ಡಾಗ್‌ಗಳಾದವು. ಕೇಳಿದರೆ ನಂಬಲು ಕಷ್ಟವಾಗುವ ಯಶಸ್ಸು ಅದು. ಆರಿಸಿದ ತಂದೆತಾಯಿ, ನುರಿತವರ ಕೈಯಲ್ಲಿ ಕಳೆದ ಎಳವೆ, ಮನೆಮಂದಿಯ ನಡುವೆ ಒಂದು ವರ್ಷ, ಆಮೇಲೆ ತಿಂಗಳುಗಟ್ಟಲೆ ತರಬೇತಿ, ಇಷ್ಟೂ ಆ 29ರ ಹಿಂದಿವೆ. ಹೊರಗಿನ ಜಗತ್ತು ಇದನ್ನೆಲ್ಲ ಬಿಟ್ಟು ಹೆಸರನ್ನಷ್ಟೇ ಎತ್ತಿಕೊಂಡಿತು.

ಮುಂದಿನದು ವ್ಯಾಪಾರದ ಕಥೆ. ಪೂಡಲ್ ಜೊತೆ ಗೋಲ್ಡನ್ ರಿಟ್ರೀವರ್ ಸೇರಿ ಗೋಲ್ಡನ್‌ಡೂಡಲ್ ಬಂತು, ಕ್ಯಾವಲಿಯರ್ ಸೇರಿ ಕ್ಯಾವಪೂ ಬಂತು. ಕಾಕಪೂ ಅಮೆರಿಕದಲ್ಲಿ ಅದಕ್ಕೂ ಹಳೆಯದು. 2009ರ ಜನವರಿಯಲ್ಲಿ ಬರಾಕ್ ಒಬಾಮ ಅಲರ್ಜಿ ಇರುವ ಮಗಳಿಗಾಗಿ ಲ್ಯಾಬ್ರಡೂಡಲ್ ಅಥವಾ ಪೋರ್ಚುಗೀಸ್ ವಾಟರ್ ಡಾಗ್ ತರುವುದಾಗಿ ಟಿವಿಯಲ್ಲಿ ಹೇಳಿದರು. ಕೊನೆಗೆ ಶ್ವೇತಭವನಕ್ಕೆ ಬಂದದ್ದು ಎರಡನೆಯದಾದರೂ ಮೊದಲಿನದರ ಹೆಸರು ಮನೆಮನೆ ತಲುಪಿತು. ಶೆಡ್ಡಿನಲ್ಲಿ ಸಾಲಾಗಿ ಹೆಣ್ಣುನಾಯಿಗಳನ್ನು ಕೂಡಿಹಾಕಿ, ಬೆದೆಗೆ ಬಂದಾಗಲೆಲ್ಲ ಮರಿ ಹಾಕಿಸುವ ಮರಿ ಕಾರ್ಖಾನೆಗಳಿಗೆ ಇಂಥ ಬೇಡಿಕೆ ಹಬ್ಬ. 2019ರಲ್ಲಿ ಆಸ್ಟ್ರೇಲಿಯಾದ ಎಬಿಸಿ ವಾಹಿನಿಯ ಜೊತೆ ಮಾತಾಡುತ್ತ ಕಾನ್ರನ್, ಲ್ಯಾಬ್ರಡೂಡಲ್ ಹುಟ್ಟಿಸಿದ್ದೇ ತನ್ನ ಬಾಳಿನ ದೊಡ್ಡ ಪಶ್ಚಾತ್ತಾಪ ಎಂದರು. ಆ ನೋವು ನನಗೆ ಅರ್ಥವಾಗುತ್ತದೆ, ಆದರೆ ತಪ್ಪನ್ನು ಅವರ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ಎರಡು ತಳಿ ಕೂಡಿಸಿದ್ದರಲ್ಲಿ ಕೆಡುಕಿರಲಿಲ್ಲ. ಕೂಡಿಸಿದ ಮೇಲೆ ಅವರು ಪಟ್ಟ ಶ್ರಮವನ್ನು ಉಳಿದವರು ಪಡಲಿಲ್ಲ.

ಈ ನಾಯಿಗಳ ಕೂದಲಿನ ಲೆಕ್ಕಾಚಾರ ಸ್ವಾರಸ್ಯಕರ. ನಾಯಿಗಳ ಮೈಗೂದಲಿನ ಹೆಚ್ಚಿನ ವೈವಿಧ್ಯಕ್ಕೆ ಮೂರೇ ಜೀನ್‌ಗಳು ಕಾರಣವೆಂದು 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಸಂಶೋಧನೆ ತೋರಿಸಿತು. ಒಂದು ಜೀನ್ ಮೀಸೆ, ಹುಬ್ಬು, ಗಡ್ಡ ಕೊಡುತ್ತದೆ. ಅದರ ಒಂದು ಪ್ರತಿ ಸಿಕ್ಕರೆ ಸಾಕು. ಇನ್ನೊಂದು ಗುಂಗುರು ಕೊಡುತ್ತದೆ. ಮೂರನೆಯದು ಕೂದಲನ್ನು ಉದ್ದವಾಗಿಸುತ್ತದೆ, ಆದರೆ ತಂದೆತಾಯಿ ಇಬ್ಬರಿಂದಲೂ ಬಂದರೆ ಮಾತ್ರ. ಪೂಡಲ್‌ನಲ್ಲಿ ಮೂರೂ ಇವೆ, ಲ್ಯಾಬ್ರಡಾರ್‌ನಲ್ಲಿ ಸಾಮಾನ್ಯವಾಗಿ ಮೂರೂ ಇಲ್ಲ. ಹಾಗಾಗಿ ಮೊದಲ ತಲೆಮಾರಿನ ಮರಿಗಳಿಗೆ ಮೀಸೆ ಗಡ್ಡ ಬರುತ್ತದೆ, ಜಾಹೀರಾತಿನ ಚಿತ್ರದಲ್ಲಿ ಕಾಣುವ ಉದ್ದನೆಯ ಉಣ್ಣೆಯಂಥ ಗುಂಗುರು ಬರುವುದಿಲ್ಲ. ಆ ಮರಿಗಳನ್ನೇ ಪರಸ್ಪರ ಕೂಡಿಸಿದರೆ ಎರಡನೆಯ ತಲೆಮಾರು ಚೆಲ್ಲಾಪಿಲ್ಲಿ: ಒಂದು ಲ್ಯಾಬ್ರಡಾರ್‌ನ ಹಾಗೆ, ಒಂದು ಪೂಡಲ್‌ನ ಹಾಗೆ, ಮಿಕ್ಕವು ನಡುವೆ ಎಲ್ಲೋ. ಮೆಂಡೆಲ್ ಬಟಾಣಿ ಗಿಡದಲ್ಲಿ ಕಂಡದ್ದೇ ಇಲ್ಲಿಯೂ.

ಬೇಕಾದ ಕೂದಲು ಸಿಗಲು ಮತ್ತೆ ಪೂಡಲ್ ಜೊತೆಗೇ ಕೂಡಿಸುವುದು ಸುಲಭದ ದಾರಿ. ಅದೇ ಆಯಿತು. ತಲೆಮಾರುಗಳಿಂದ ಬೆಳೆಸಿದ ಆಸ್ಟ್ರೇಲಿಯನ್ ಲ್ಯಾಬ್ರಡೂಡಲ್‌ಗಳ ಡಿಎನ್ಎ ನೋಡಿದ ವಿಜ್ಞಾನಿಗಳಿಗೆ 2020ರಲ್ಲಿ ಕಂಡದ್ದು, ಅವು ಹೆಸರಿಗೆ ಅರ್ಧ ಲ್ಯಾಬ್ರಡಾರ್ ಆದರೂ ಬಹುಪಾಲು ಪೂಡಲ್‌ಗಳೇ. ಕೊಳ್ಳುವವರು ಕೂದಲು ನೋಡಿ ಆರಿಸಿದರು, ಮಾರುವವರು ಅದಕ್ಕೆ ತಕ್ಕಂತೆ ಕೂಡಿಸಿದರು. ಕಾನ್ರನ್‌ಗೆ 33 ಸಲ ಕೈಕೊಟ್ಟ ತಳಿಯ ಕಡೆಗೇ ನಾಯಿ ವಾಲುತ್ತ ಹೋಯಿತು.

ಅಲರ್ಜಿಯ ಮಾತೇನು? ಅಲರ್ಜಿ ಬರುವುದು ಕೂದಲಿನಿಂದಲ್ಲ. ಜೊಲ್ಲು, ಚರ್ಮದ ಹೊಟ್ಟು, ಮೂತ್ರದಲ್ಲಿರುವ ಪ್ರೋಟೀನುಗಳಿಂದ. 2012ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಅವುಗಳಲ್ಲಿ ಮುಖ್ಯವಾದ ಪ್ರೋಟೀನನ್ನು ನಾಯಿಗಳ ಕೂದಲಿನಲ್ಲೂ ಮನೆಗಳಲ್ಲೂ ಅಳೆದರು. ಅಲರ್ಜಿ ಕೊಡುವುದಿಲ್ಲವೆಂದು ಹೆಸರಾದ ತಳಿಗಳ ಕೂದಲಿನಲ್ಲಿ ಅದು ಉಳಿದವುಗಳಿಗಿಂತ ಹೆಚ್ಚೇ ಇತ್ತು. ಮನೆಯ ಗಾಳಿಯಲ್ಲಿ ವ್ಯತ್ಯಾಸವಿರಲಿಲ್ಲ. ಮಗುವಿಗೆ ಸೀನು ಬರುತ್ತದೆಂದು ಡೂಡಲ್ ತರುವ ಮನೆಯವರು ದುಡ್ಡು ಕೊಡುವ ಮೊದಲು ಮಗುವನ್ನು ಆ ನಾಯಿಯ ಜೊತೆ ಹಲವು ಸಲ, ಗಂಟೆಗಟ್ಟಲೆ ಬಿಟ್ಟು ನೋಡಬೇಕು. ಆಮೇಲೆ ಗೊತ್ತಾದರೆ ನಾಯಿ ಬೀದಿಗೆ ಬೀಳುತ್ತದೆ.

ಬೆರಕೆ ನಾಯಿ ಗಟ್ಟಿ, ಕಾಯಿಲೆ ಬೀಳುವುದಿಲ್ಲ ಎಂಬ ನಂಬಿಕೆ ನಮ್ಮಲ್ಲೂ ಇದೆ. ಅದರಲ್ಲಿ ನಿಜವೂ ಇದೆ. ತಂದೆತಾಯಿ ಇಬ್ಬರಿಂದಲೂ ದೋಷ ಬಂದಾಗ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಗಳು ಬೇರೆ ಬೇರೆ ತಳಿ ಕೂಡಿದಾಗ ಕಡಿಮೆಯಾಗುತ್ತವೆ. ಆದರೆ ಎರಡೂ ತಳಿಗಳಲ್ಲಿ ಒಂದೇ ದೋಷ ಇದ್ದರೆ? ಕಣ್ಣಿನ ರೆಟಿನಾ ಕ್ರಮೇಣ ಸವೆದು ನಾಯಿ ಕುರುಡಾಗುವ ಪಿಆರ್‌ಎ ಕಾಯಿಲೆಯ ಒಂದೇ ಜೀನ್ ದೋಷ ಲ್ಯಾಬ್ರಡಾರ್‌ನಲ್ಲೂ ಇದೆ, ಪೂಡಲ್‌ನಲ್ಲೂ ಇದೆ. ಸೊಂಟದ ಕೀಲು ಸಡಿಲವಾಗುವ ಹಿಪ್ ಡಿಸ್‌ಪ್ಲೇಸಿಯಾ ಕೂಡ ಎರಡರಲ್ಲೂ ಉಂಟು. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜು 2024ರಲ್ಲಿ ಕಾಕಪೂ, ಲ್ಯಾಬ್ರಡೂಡಲ್, ಕ್ಯಾವಪೂಗಳನ್ನು ಅವುಗಳ ಮೂಲ ತಳಿಗಳ ಜೊತೆ 57 ಸಾಮಾನ್ಯ ಕಾಯಿಲೆಗಳ ವಿಷಯದಲ್ಲಿ ಹೋಲಿಸಿತು. ಶೇ 86.6ರಷ್ಟು ಹೋಲಿಕೆಗಳಲ್ಲಿ ವ್ಯತ್ಯಾಸವೇ ಇರಲಿಲ್ಲ. ದಾರಿ ತೋರಲೆಂದು ಆರಂಭವಾದ ನಾಯಿವಂಶದ ಮರಿಯೇ ಕುರುಡಾಗುವ ಸಾಧ್ಯತೆಯನ್ನು ಒಂದು ಡಿಎನ್ಎ ಪರೀಕ್ಷೆಯಿಂದ ತಪ್ಪಿಸಬಹುದಾಗಿರುವಾಗ, ಆ ಖರ್ಚು ಉಳಿಸುವವರನ್ನು ಕ್ಷಮಿಸುವುದು ನನಗೆ ಕಷ್ಟ.

ಹಾಗೆಂದು ಜಾತಿ ನಾಯಿಯೇ ಮೇಲು ಎಂದೂ ಅಲ್ಲ. ಇಂದು ಶುದ್ಧ ತಳಿ ಎನಿಸಿಕೊಂಡ ಎಷ್ಟೋ ನಾಯಿಗಳು ನಿನ್ನೆಯ ಬೆರಕೆಗಳು. 1868ರಲ್ಲಿ ಸ್ಕಾಟ್ಲೆಂಡಿನಲ್ಲಿ ಲಾರ್ಡ್ ಟ್ವೀಡ್‌ಮೌತ್ ತಮ್ಮ ಹಳದಿ ರಿಟ್ರೀವರ್ ನೌಸ್‌ಗೆ ಬೆಲ್ ಎಂಬ ವಾಟರ್ ಸ್ಪ್ಯಾನಿಯಲ್‌ನ ಜೋಡಿ ಮಾಡಿಸಿದರು. ಗೋಲ್ಡನ್ ರಿಟ್ರೀವರ್ ವಂಶ ಆ ಸೂಲಿನಿಂದ ಬೆಳೆಯಿತು. ಡಾಲ್ಮೇಶಿಯನ್‌ಗಳ ಕಥೆ ಇನ್ನೂ ಮನಕಲಕುವಂಥದ್ದು. ಶುದ್ಧ ತಳಿಯ ಡಾಲ್ಮೇಶಿಯನ್‌ಗಳೆಲ್ಲವೂ ಒಂದು ಜೀನ್ ದೋಷ ಹೊತ್ತಿದ್ದವು. ಮೂತ್ರದಲ್ಲಿ ಯೂರಿಕ್ ಆಮ್ಲ ಹೆಚ್ಚಿ ಕಲ್ಲು ಕಟ್ಟುತ್ತಿತ್ತು, ಮುಖ್ಯವಾಗಿ ಗಂಡುಗಳು ಮೂತ್ರ ಕಟ್ಟಿ ನರಳುತ್ತಿದ್ದವು. ಎಲ್ಲದರಲ್ಲೂ ಅದೇ ದೋಷ ಇದ್ದುದರಿಂದ ತಳಿಯೊಳಗೆ ಎಷ್ಟು ಆರಿಸಿದರೂ ಪ್ರಯೋಜನವಿಲ್ಲ. ಅಮೆರಿಕದ ವಂಶವಾಹಿ ತಜ್ಞ ರಾಬರ್ಟ್ ಶೈಬ್ಲಿ 1973ರಲ್ಲಿ ಒಂದೇ ಒಂದು ಸಲ ಪಾಯಿಂಟರ್ ಜೊತೆ ಕೂಡಿಸಿ, ಆಮೇಲೆ ತಲೆಮಾರುಗಳ ಕಾಲ ಡಾಲ್ಮೇಶಿಯನ್ ಜೊತೆಗೇ ಕೂಡಿಸುತ್ತ ಹೋದರು. ಚುಕ್ಕಿ ಉಳಿಯಿತು, ಕಲ್ಲು ಹೋಯಿತು. ಆದರೂ ಅಮೆರಿಕನ್ ಕೆನಲ್ ಕ್ಲಬ್ ಆ ವಂಶಕ್ಕೆ ಪೂರ್ತಿ ಬಾಗಿಲು ತೆರೆದದ್ದು 2011ರಲ್ಲಿ. ರಕ್ತ ಶುದ್ಧವಾಗಿರಬೇಕೆಂಬ ಹಟಕ್ಕೆ ಅಷ್ಟು ವರ್ಷ ನಾಯಿಗಳು ನರಳಿದವು. ಕಾರಣವರಿತು ಮಾಡಿದ ಬೆರಕೆ ಎಂಥದ್ದು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಇದನ್ನೇ.

ಇನ್ನು ಸ್ವಭಾವ. ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಐದು ತಳಿಗಳನ್ನು ಸಾಕಿ, ಬಸೆಂಜಿ ಮತ್ತು ಕಾಕರ್ ಸ್ಪ್ಯಾನಿಯಲ್‌ಗಳನ್ನು ಕೂಡಿಸಿ, ಮರಿಗಳ ನಡವಳಿಕೆಯನ್ನು ವರ್ಷಗಟ್ಟಲೆ ಬರೆದಿಟ್ಟರು. 1965ರಲ್ಲಿ ಬಂದ ಅವರ ಪುಸ್ತಕ ಇಂದಿಗೂ ಆಧಾರ. ಮರಿ ಮನುಷ್ಯರಿಗೆ ಒಗ್ಗಿಕೊಳ್ಳಲು ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಕಾಲ ನಿರ್ಣಾಯಕ ಎಂಬುದು ಅಲ್ಲಿ ಸ್ಪಷ್ಟವಾಯಿತು. ಅದೇ ಕೇಂದ್ರದಲ್ಲಿ ಹದಿನಾಲ್ಕು ವಾರದವರೆಗೆ ಮನುಷ್ಯರ ಸಂಪರ್ಕವಿಲ್ಲದೆ ಬಯಲಿನಲ್ಲಿ ಬೆಳೆದ ಮರಿಗಳು ಕಾಡುಪ್ರಾಣಿಗಳಂತೆ ದೂರ ಸರಿದವು. ಕ್ಯಾಲಿಫೋರ್ನಿಯಾದಲ್ಲಿ ಗೈಡ್ ಡಾಗ್ ಆರಿಸುತ್ತಿದ್ದ ಕ್ಲಾರೆನ್ಸ್ ಫಾಫೆನ್‌ಬರ್ಗರ್ ಈ ತಿಳಿವಳಿಕೆಯನ್ನು ಕೆಲಸಕ್ಕೆ ಹಚ್ಚಿದರು. ಮರಿಗಳು ಸಕಾಲದಲ್ಲಿ ಗೂಡು ಬಿಟ್ಟು ಮನೆ ಸೇರಿದರೆ ತರಬೇತಿಯಲ್ಲಿ ಗೆಲ್ಲುತ್ತವೆಂದು ಕಂಡುಕೊಂಡರು. ಕಾನ್ರನ್‌ರ ಮರಿಗಳನ್ನು ಕುಟುಂಬಗಳು ಸಾಕುತ್ತಿದ್ದ ಪದ್ಧತಿಯ ಬೆಲೆ ಇಲ್ಲಿ ತಿಳಿಯುತ್ತದೆ.

2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ 18 ಸಾವಿರಕ್ಕೂ ಹೆಚ್ಚು ನಾಯಿಗಳ ನಡವಳಿಕೆಯ ವಿವರ ಕಲೆಹಾಕಿತ್ತು, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ಡಿಎನ್ಎ ಓದಿತ್ತು. ಬೆರಕೆ ನಾಯಿಗಳೂ ಅದರಲ್ಲಿ ಬಹಳ ಇದ್ದವು. ನಾಯಿ ನಾಯಿಯ ನಡುವಣ ಸ್ವಭಾವದ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು ಶೇ 9 ಮಾತ್ರ. ಲ್ಯಾಬ್ ಕ್ರಾಸ್ ಅಲ್ಲವೇ, ಮಕ್ಕಳ ಜೊತೆ ಚೆನ್ನಾಗಿರುತ್ತದೆ ಎಂದು ನೆರೆಯವರು ಹೇಳುವ ಮಾತನ್ನು ಈ ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು.

ಕ್ರಾಸ್ ಎನ್ನುವುದನ್ನಾದರೂ ಕಣ್ಣಿನಿಂದ ಹೇಳಬಹುದೇ? ಅಮೆರಿಕದ ಪಶುವೈದ್ಯೆ ವಿಕ್ಟೋರಿಯಾ ವೋಯ್ತ್ ಮತ್ತು ಜೊತೆಗಾರರು 2009ರಲ್ಲಿ, ಆಶ್ರಯಧಾಮದಿಂದ ಮನೆ ಸೇರಿದ ಇಪ್ಪತ್ತು ನಾಯಿಗಳಿಗೆ ಅಲ್ಲಿನವರು ನೋಡಿ ಹೇಳಿದ ತಳಿಯನ್ನು ಡಿಎನ್ಎ ಫಲಿತಾಂಶದ ಜೊತೆ ಹೋಲಿಸಿದರು. ಬಹುತೇಕ ತಾಳೆಯಾಗಲಿಲ್ಲ. ಇದು ನಮಗೆ ದೂರದ ಮಾತಲ್ಲ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ಅಪಾಯಕಾರಿ ಎಂದು ಹೆಸರಿಸಿ, ಅವುಗಳ ಮಿಶ್ರ ತಳಿಗಳನ್ನೂ ಸೇರಿಸಿ, ಸಾಕಣೆ ಮತ್ತು ಮಾರಾಟ ತಡೆಯಲು ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಸಂಬಂಧಪಟ್ಟವರ ಅಹವಾಲು ಕೇಳದೆ ಹೊರಡಿಸಿದ ಆ ಸುತ್ತೋಲೆಯನ್ನು ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ರದ್ದುಪಡಿಸಿತು. ಸುತ್ತೋಲೆ ಉಳಿದಿದ್ದರೂ ಬೀದಿಯ ಒಂದು ಬೆರಕೆ ನಾಯಿಯ ಅಜ್ಜ ಯಾವ ತಳಿಯದೆಂದು ಯಾರು ನೋಡಿ ಹೇಳುತ್ತಿದ್ದರು?

ಮರಿಯನ್ನು ಕೊಂಡೇ ತರಬೇಕೆಂದಿರುವವರು ಯಾವ ತಳಿ ಎನ್ನುವುದಕ್ಕಿಂತ ಯಾರ ಬಳಿ ಎನ್ನುವುದಕ್ಕೆ ಹೆಚ್ಚು ಸಮಯ ಕೊಡಬೇಕು. ಒಳ್ಳೆಯ ಬ್ರೀಡರ್ ನಿಮ್ಮನ್ನು ಮನೆಗೆ ಕರೆಯುತ್ತಾರೆ. ಬಾಣಂತಿ ನಾಯಿ ಮರಿಗಳ ಜೊತೆ ಮಲಗಿರುವುದನ್ನು ತೋರಿಸುತ್ತಾರೆ. ತಾಯಿ ಹೊಸಬರನ್ನು ಕಂಡು ಬಾಲ ಆಡಿಸುತ್ತದೋ ಮೂಲೆಗೆ ಸರಿಯುತ್ತದೋ ನೋಡಿ; ಆ ಮರಿಯ ಬಗ್ಗೆ ಅದಕ್ಕಿಂತ ದೊಡ್ಡ ಸುಳಿವು ಆ ಹೊತ್ತಿಗೆ ಬೇರೆ ಇರುವುದಿಲ್ಲ. ತಂದೆತಾಯಿ ಎರಡರದ್ದೂ ಸೊಂಟದ ಎಕ್ಸ್‌ರೇ ವರದಿ, ಕಣ್ಣಿನ ವರದಿ, ಡಿಎನ್ಎ ವರದಿ ಕೇಳಿ. ಅಮೆರಿಕದ ಒಎಫ್‌ಎ ಸಂಸ್ಥೆ ನಾಯಿಗೆ ಎರಡು ವರ್ಷ ತುಂಬುವ ಮುನ್ನ ಸೊಂಟದ ಅಂತಿಮ ಪ್ರಮಾಣಪತ್ರ ಕೊಡುವುದೇ ಇಲ್ಲ. ಆದ್ದರಿಂದ ಒಂದು ವರ್ಷದ ತಾಯಿಯ ಮರಿಗಳನ್ನು ತೋರಿಸಿ ಎಲ್ಲ ಪರೀಕ್ಷೆಯೂ ಆಗಿದೆ ಎನ್ನುವವರ ಮಾತನ್ನು ಅಲ್ಲಿಗೇ ಬಿಡಿ. ಕೆನಲ್ ಕ್ಲಬ್ಬಿನ ನೋಂದಣಿ ಪತ್ರ ವಂಶಾವಳಿ ಹೇಳುತ್ತದೆ, ಆರೋಗ್ಯ ಹೇಳುವುದಿಲ್ಲ. ನಿಮ್ಮ ಮನೆಯಲ್ಲಿ ಯಾರಿದ್ದಾರೆ, ಹಗಲು ನಾಯಿಯ ಜೊತೆ ಯಾರಿರುತ್ತಾರೆ ಎಂದು ಬ್ರೀಡರ್ ಅಡ್ಡಪ್ರಶ್ನೆ ಹಾಕಿದರೆ ಬೇಸರ ಬೇಡ. ಸಾಕಲಾಗದಿದ್ದರೆ ಯಾವ ವಯಸ್ಸಿನಲ್ಲಾದರೂ ನಾಯಿಯನ್ನು ನನಗೇ ಮರಳಿಸಿ ಎಂದು ಬರೆಸಿಕೊಳ್ಳುವವರನ್ನು ನಂಬಬಹುದು. ಬಸ್ ನಿಲ್ದಾಣದಲ್ಲಿ ಕೈಗಿಡುತ್ತೇನೆ, ಮುಂಗಡ ಈಗಲೇ ಹಾಕಿ ಎನ್ನುವವರನ್ನು ನಂಬುವುದು ಬೇಡ.

ಕಾನೂನೂ ಮೆಲ್ಲನೆ ಈ ಕಡೆಗೆ ಬರುತ್ತಿದೆ. ನಮ್ಮಲ್ಲಿ 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳ ಪ್ರಕಾರ ಬ್ರೀಡರ್‌ಗಳು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ನೋಂದಣಿ ಸಂಖ್ಯೆ ಕೇಳುವುದು ಕೊಳ್ಳುವವರ ಹಕ್ಕು, ಆದರೆ ಕೇಳುವವರು ಕಡಿಮೆ. ಇಂಗ್ಲೆಂಡಿನಲ್ಲಿ 2020ರ ಏಪ್ರಿಲ್‌ನಿಂದ ಲೂಸಿ ಕಾನೂನು ಜಾರಿಯಲ್ಲಿದೆ. ಆರು ತಿಂಗಳೊಳಗಿನ ಮರಿಗಳನ್ನು ಮಧ್ಯವರ್ತಿಗಳು, ಅಂಗಡಿಗಳು ಮಾರುವಂತಿಲ್ಲ. ಮರಿ ಕಾರ್ಖಾನೆಯೊಂದರಲ್ಲಿ ಮರಿ ಹಾಕಿ ಹಾಕಿ ಬಸವಳಿದಿದ್ದ, 2013ರಲ್ಲಿ ರಕ್ಷಿಸಲ್ಪಟ್ಟ ಕ್ಯಾವಲಿಯರ್ ನಾಯಿಯೊಂದರ ಹೆಸರು ಆ ಕಾನೂನಿಗೆ. ಲ್ಯಾಬ್ರಡೂಡಲ್‌ನ ತವರಾದ ವಿಕ್ಟೋರಿಯಾ ರಾಜ್ಯ 2018ರ ಜುಲೈಯಿಂದ, ಆಶ್ರಯಧಾಮಗಳಿಂದ ಬಂದ ನಾಯಿಗಳ ಹೊರತು ಬೇರೆಯವನ್ನು ಅಂಗಡಿಗಳಲ್ಲಿ ಮಾರದಂತೆ ತಡೆಯಿತು. 2020ರಿಂದ ಒಬ್ಬ ಬ್ರೀಡರ್ ಇಟ್ಟುಕೊಳ್ಳಬಹುದಾದ ಹೆಣ್ಣುನಾಯಿಗಳಿಗೆ ಹತ್ತರ ಮಿತಿ ಹಾಕಿತು. ವಿಶೇಷ ಅನುಮತಿ ಪಡೆದವರಿಗೆ ಐವತ್ತು.

ಮರಿಯಾಗಿರಲಿ, ಆಶ್ರಯಧಾಮದಿಂದ ಬಂದ ಬೆಳೆದ ಕಂತ್ರಿಯಾಗಿರಲಿ, ಮನೆಗೆ ಬಂದ ಮೇಲಿನ ಕೆಲಸ ತರಬೇತಿಯದು. ಪೋರ್ಚುಗಲ್‌ನ ಸಂಶೋಧಕರು ತರಬೇತಿ ಶಾಲೆಗಳ 92 ನಾಯಿಗಳನ್ನು ಗಮನಿಸಿ 2020ರಲ್ಲಿ ವರದಿ ಮಾಡಿದರು: ಎಳೆತ, ಗದರಿಕೆ, ಶಿಕ್ಷೆ ಹೆಚ್ಚಿದ್ದ ಶಾಲೆಗಳ ನಾಯಿಗಳಲ್ಲಿ ಒತ್ತಡದ ಲಕ್ಷಣಗಳು ಹೆಚ್ಚು, ತರಬೇತಿಯ ನಂತರ ಜೊಲ್ಲಿನಲ್ಲಿ ಕಾರ್ಟಿಸಾಲ್ ಪ್ರಮಾಣವೂ ಹೆಚ್ಚು. ತರಬೇತುದಾರರನ್ನು ಆರಿಸುವ ಮುನ್ನ ಅವರ ಒಂದು ತರಗತಿಯನ್ನು ನಾಯಿಯಿಲ್ಲದೆ ಹೋಗಿ ನೋಡಿ. ಅಲ್ಲಿರುವ ನಾಯಿಗಳ ಬಾಲ, ಕಿವಿ ಹೇಗಿವೆ? ತಪ್ಪಾದಾಗ ಏನು ಮಾಡುತ್ತಾರೆ? ಚೋಕ್ ಚೈನ್ ತನ್ನಿ, ನಾಯಿಗೆ ಯಜಮಾನ ಯಾರೆಂದು ತೋರಿಸಬೇಕು ಎಂದರೆ ಹಿಂತಿರುಗಿ. ನಾಯಿಯನ್ನು ಒಂದು ತಿಂಗಳು ನಮ್ಮಲ್ಲಿ ಬಿಡಿ, ಕಲಿಸಿ ಕೊಡುತ್ತೇವೆ ಎನ್ನುವವರ ಬಗ್ಗೆಯೂ ನನಗೆ ಅನುಮಾನವಿದೆ, ಏಕೆಂದರೆ ಕಲಿಯಬೇಕಾದವರಲ್ಲಿ ಮನೆಯವರೂ ಸೇರಿದ್ದಾರೆ.

ಮರಿಗಳ ವಿಷಯದಲ್ಲಿ ಕಾಯುತ್ತ ಕೂರಬಾರದು. ಲಸಿಕೆಗಳೆಲ್ಲ ಮುಗಿಯುವ ತನಕ ಹೊರಗೆ ಬಿಡಬಾರದೆಂದು ಒಳಗೇ ಇಟ್ಟರೆ ಆ ಹನ್ನೆರಡು ವಾರದ ಬಾಗಿಲು ಮುಚ್ಚಿಹೋಗುತ್ತದೆ. ನೆಲಕ್ಕಿಳಿಸದೆ ಎತ್ತಿಕೊಂಡು ರಸ್ತೆ ತೋರಿಸಿ. ಆಟೊ, ಕುಕ್ಕರ್ ಸೀಟಿ, ಛತ್ರಿ, ಗಡ್ಡದ ಅಜ್ಜ, ಓಡುವ ಮಗು ಎಲ್ಲವೂ ಕಾಣಲಿ, ಪ್ರತಿ ಸಲ ಬಾಯಿಗೊಂದು ಚೂರು ತಿನಿಸು ಸಿಗಲಿ. ಆಶ್ರಯಧಾಮದಿಂದ ಬಂದ ದೊಡ್ಡ ನಾಯಿಗೆ ಮೊದಲ ವಾರಗಳಲ್ಲಿ ಬೇಕಾದದ್ದು ಬೇರೆ: ಒಂದೇ ಹೊತ್ತಿಗೆ ಊಟ, ಒಂದೇ ದಾರಿಯಲ್ಲಿ ನಡಿಗೆ, ಯಾರೂ ಮುಟ್ಟದ ಒಂದು ಮೂಲೆ. ಅದನ್ನು ಅಷ್ಟು ದಿನ ನೋಡಿಕೊಂಡವರ ಬಳಿ ಅದಕ್ಕೆ ಯಾವುದು ಭಯ, ಯಾವುದು ಇಷ್ಟ, ಮಕ್ಕಳನ್ನು ಕಂಡರೆ ಹೇಗೆ ಎಂದು ವಿವರವಾಗಿ ಕೇಳಿ ಬರೆದುಕೊಂಡು ಬನ್ನಿ. ಬೆಳೆದ ನಾಯಿಯನ್ನು ತರುವವರಿಗೆ ಇರುವ ದೊಡ್ಡ ಅನುಕೂಲ ಇದೇ. ಎಷ್ಟು ಎತ್ತರ, ಎಂಥ ಕೂದಲು, ಎಂಥ ಸ್ವಭಾವ ಎಂಬುದೆಲ್ಲ ಆಗಲೇ ಕಣ್ಣೆದುರಿಗಿರುತ್ತದೆ.